ಒಂದೇ ಕೇಬಲ್, ಎರಡು ತಲೆ: ಗ್ರಾಫಿಕ್ಸ್ ಕಾರ್ಡ್‌ಗೆ ಹೀಗೆ ಪವರ್ ಕೊಡಬಹುದೇ?

ಪ್ರಶ್ನೆ: ಹೊಸದಾಗಿ ರೇಡಿಯಾನ್ ಆರ್‌ಎಕ್ಸ್ 7800 ಎಕ್ಸ್‌ಟಿ ಕಾರ್ಡ್ ಹಾಕಿದ್ದೇನೆ. ಅದರಲ್ಲಿ 8 ಪಿನ್ನಿನ ಎರಡು ಸಾಕೆಟ್‌ಗಳಿವೆ. ನನ್ನದು 650 ವ್ಯಾಟ್‌ನ ಮಾಡ್ಯುಲರ್ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಪವರ್ ಕೊಡುವ ಪೆಟ್ಟಿಗೆ, ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದಾದದ್ದು). ಅದರ ಒಂದು ಕೇಬಲ್‌ನ ತುದಿಯಲ್ಲೇ ಎರಡು 6+2 ಪ್ಲಗ್‌ಗಳಿದ್ದವು (ಆರು ಮತ್ತು ಎರಡು ಪಿನ್ನಿನ ತುಂಡು ಸೇರಿ 8 ಪಿನ್ ಆಗುವಂಥವು), ಎರಡನ್ನೂ ಕಾರ್ಡ್‌ಗೆ ಚುಚ್ಚಿದ್ದೇನೆ. ಎರಡು ಮೂರು ದಿನಕ್ಕೊಮ್ಮೆ ಗೇಮ್ ಆಡುವಾಗ ಸ್ಕ್ರೀನ್ ಕಪ್ಪಾಗಿ ಕಂಪ್ಯೂಟರ್ ಆಫ್ ಆಗುತ್ತದೆ. ಒಂದೇ ಕೇಬಲ್ ಹಾಕಿದರೆ ಕರಗಿ ಬೆಂಕಿ ಹತ್ತುತ್ತದೆ ಎಂದು ಗೆಳೆಯ ಹೆದರಿಸಿದ್ದಾನೆ. ಬೇರೆ ಕಂಪನಿಯ ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ನನ್ನ ಬಳಿ ಇದೆ, ಎರಡೂ ಕಡೆ ಪ್ಲಗ್ ಸರಿಯಾಗಿ ಕೂರುತ್ತದೆ. ಅದನ್ನು ಎರಡನೇ ಕೇಬಲ್ ಮಾಡಿಕೊಳ್ಳಲೇ? ಮೋಲೆಕ್ಸ್‌ನಿಂದ (ಹಳೆಯ ಡ್ರೈವ್‌ಗಳಿಗೆ ಪವರ್ ಕೊಡುವ ನಾಲ್ಕು ಪಿನ್ನಿನ ಪ್ಲಗ್) 8 ಪಿನ್‌ಗೆ ಬರುವ ಕನ್ವರ್ಟರ್ ಕೂಡ ಇದೆ. ಅಥವಾ ಎಸ್‌ಎಂಪಿಎಸ್ಸನ್ನೇ ಬದಲಿಸಬೇಕೇ?

ಉತ್ತರ:

ಮೊದಲು ತುರ್ತಿನ ಮಾತು. ಆ ಹಳೆಯ ಕೇಬಲ್ಲನ್ನು ಹಾಕಬೇಡಿ. ಪ್ಲಗ್ ಎಷ್ಟೇ ಚೆನ್ನಾಗಿ ಕೂತರೂ ಬೇಡ. ನೀವು ಹೇಳಿದ ಮೂರು ದಾರಿಗಳಲ್ಲಿ ನಿಮಗೆ ಭಯ ಹುಟ್ಟಿಸಿರುವ ಎರಡು ತಲೆಯ ಕೇಬಲ್ಲೇ ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಯಾವ ಅನುಮಾನವೂ ಇಲ್ಲದೆ ಕೇಳಿರುವ ಹಳೆಯ ಕೇಬಲ್ ಮಾತ್ರ ಸ್ವಿಚ್ ಹಾಕಿದ ಕ್ಷಣದಲ್ಲೇ ಕಾರ್ಡನ್ನು ಸುಟ್ಟುಬಿಡಬಲ್ಲದು. ಕನ್ವರ್ಟರ್ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಕೈಕೊಡುವ ಜಾತಿಯದು.

ಇನ್ನೊಂದು ವಿಷಯ: ನಿಮ್ಮ ಪತ್ರದಲ್ಲಿ ಎರಡು ಬೇರೆ ಪ್ರಶ್ನೆಗಳು ಒಟ್ಟಿಗೆ ಹೆಣೆದುಕೊಂಡಿವೆ. ಕೇಬಲ್ ಕರಗುತ್ತದೆಯೇ ಎಂಬುದು ಒಂದು, ಕಂಪ್ಯೂಟರ್ ಯಾಕೆ ಆಫ್ ಆಗುತ್ತಿದೆ ಎಂಬುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಆಗಿರಬೇಕೆಂದಿಲ್ಲ. ಅದಕ್ಕೇ ಬಿಡಿಸಿ ನೋಡೋಣ.

ಒಂದು ಕೇಬಲ್‌ನಲ್ಲಿ ಹರಿಯುವುದೆಷ್ಟು?

ನಿಮ್ಮ ಕಾರ್ಡ್ ಪೂರ್ತಿ ಲೋಡ್‌ನಲ್ಲಿ ಸುಮಾರು 263 ವ್ಯಾಟ್ ಎಳೆಯುತ್ತದೆ. ಕಾರ್ಡ್ ಕೂರುವ ಮದರ್‌ಬೋರ್ಡ್‌ನ ಪಿಸಿಐಇ ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡಬಲ್ಲದು, ಅದರಲ್ಲಿ 12 ವೋಲ್ಟ್‌ನ ಪಾಲು 66. ಆದರೆ ಈಗಿನ ಕಾರ್ಡ್‌ಗಳು ಸ್ಲಾಟ್‌ನಿಂದ ಅಷ್ಟನ್ನೂ ಎಳೆಯುವುದು ಕಡಿಮೆ. ಲೆಕ್ಕಕ್ಕೆ ಪೂರ್ತಿ ಹೊರೆ ಕೇಬಲ್ ಮೇಲೆಯೇ ಬಿತ್ತು ಎಂದುಕೊಳ್ಳಿ. 263ನ್ನು 12ರಿಂದ ಭಾಗಿಸಿದರೆ ಹತ್ತಿರ ಹತ್ತಿರ 22 ಆಂಪಿಯರ್. 8 ಪಿನ್ನಿನ ಪ್ಲಗ್‌ನಲ್ಲಿ 12 ವೋಲ್ಟ್ ಒಯ್ಯುವ ಪಿನ್‌ಗಳು ಮೂರೇ, ಉಳಿದ ಐದೂ ಗ್ರೌಂಡ್‌ನವು, ಅಂದರೆ ಕರೆಂಟ್ ಮರಳುವ ದಾರಿಯವು. ಆ ಐದರಲ್ಲೂ ಎರಡು, ಯಾವ ಪ್ಲಗ್ ಸಿಕ್ಕಿಸಿದ್ದಾರೆ ಎಂದು ಕಾರ್ಡ್‌ಗೆ ಗೊತ್ತಾಗಲೆಂದು ಇರುವ ಸೆನ್ಸ್ ಪಿನ್‌ಗಳು. ಅಂದರೆ ಒಂದೇ ಕೇಬಲ್ ಇದ್ದಾಗ ಪ್ರತಿ ವೈರ್‌ನಲ್ಲಿ ಸುಮಾರು 7.3 ಆಂಪಿಯರ್, ಎರಡು ಬೇರೆ ಕೇಬಲ್ ಹಾಕಿದರೆ ಅದರ ಅರ್ಧ.

8 ಪಿನ್‌ಗೆ 150 ವ್ಯಾಟ್ ಎಂದು ನಿಯಮದಲ್ಲಿ ಬರೆದಿರುವುದನ್ನು ಓದಿ, ಅದನ್ನು ದಾಟಿದ ಕೂಡಲೇ ಪ್ಲಾಸ್ಟಿಕ್ ಕರಗುತ್ತದೆ ಎಂದುಕೊಳ್ಳುವವರು ಬಹಳ. 150 ವ್ಯಾಟ್ ಎಂದರೆ ಪಿನ್‌ಗೆ 4.2 ಆಂಪಿಯರ್ ಮಾತ್ರ. ಈ ಜಾತಿಯ ಪಿನ್‌ಗಳಿಗೆ 18 ಗೇಜ್ ವೈರ್ ಹಾಕಿದಾಗ ತಯಾರಕರು ಕೊಡುವ ಮಿತಿ ಅದರ ಹತ್ತಿರ ಹತ್ತಿರ ಎರಡು ಪಟ್ಟು. ಎಸ್‌ಎಂಪಿಎಸ್ ಕಂಪನಿಗಳು ಒಂದು ಕೇಬಲ್‌ಗೆ ಎರಡು ತಲೆ ಇಟ್ಟು ಕಳಿಸುವುದು ಈ ಅಂತರವನ್ನು ನೆಚ್ಚಿಕೊಂಡೇ. ನಿಮ್ಮ ಗೆಳೆಯನ ಮಾತು ಪೂರ್ತಿ ಸುಳ್ಳಲ್ಲ. ಒಳ್ಳೆಯ ಕೇಬಲ್, ಬಿಗಿಯಾದ ಪಿನ್ ಇದ್ದರೆ 263 ವ್ಯಾಟ್‌ಗೆ ಬೆಂಕಿ ಹತ್ತುವುದಿಲ್ಲ. ಪಿನ್ ಸಡಿಲವಾಗಿದ್ದರೆ, ವೈರ್ ತೆಳುವಾಗಿದ್ದರೆ ಮಾತ್ರ ಆ ಅಂತರ ಕರಗುತ್ತಾ ಹೋಗುತ್ತದೆ.

ಬಿಸಿ ಹುಟ್ಟುವುದು ಆಂಪಿಯರ್‌ನ ವರ್ಗಕ್ಕೆ ತಕ್ಕಂತೆ. ಕರೆಂಟ್ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು. ಎರಡು ಕೇಬಲ್ ಹಾಕಿದರೆ ಪ್ರತಿ ಪಿನ್ನಿನ ಬಿಸಿ ಕಾಲುಭಾಗಕ್ಕೆ ಇಳಿಯುತ್ತದೆ. ಇಷ್ಟು ಸುಲಭಕ್ಕೆ ಇಷ್ಟು ಲಾಭ ಸಿಗುವಾಗ ಬಿಡುವುದೇಕೆ? ನನ್ನ ಸಲಹೆ: 225 ವ್ಯಾಟ್‌ಗಿಂತ ಹೆಚ್ಚು ಎಳೆಯುವ ಯಾವ ಕಾರ್ಡ್‌ಗೂ ಸಾಕೆಟ್‌ಗೊಂದು ಕೇಬಲ್ ಕೊಡಿ. ಅದಕ್ಕಿಂತ ಕೆಳಗಿದ್ದರೆ ಎರಡು ತಲೆಯ ಕೇಬಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಇಲ್ಲಿ ಹೆಚ್ಚಿನವರ ಕಣ್ಣು ತಪ್ಪುವ ಒಂದು ಜಾಗವಿದೆ. ಎರಡು ತಲೆಯ ಕೇಬಲ್‌ನಲ್ಲಿ ಕಾರ್ಡ್ ಕಡೆಯ ಪ್ಲಗ್‌ಗಳು ಹೊರೆಯನ್ನು ಹಂಚಿಕೊಳ್ಳುತ್ತವೆ, ಹಾಗಾಗಿ ಅವು ತಣ್ಣಗೇ ಇರುತ್ತವೆ. ಪೂರ್ತಿ 22 ಆಂಪಿಯರ್ ಒಟ್ಟಾಗಿ ಹಾಯುವುದು ಎಸ್‌ಎಂಪಿಎಸ್ ಕಡೆಯ ಪ್ಲಗ್‌ನಲ್ಲಿ ಮತ್ತು ಅಲ್ಲಿಂದ ಮೊದಲ ತಲೆಯವರೆಗಿನ ವೈರ್‌ನಲ್ಲಿ. ಕ್ಯಾಬಿನೆಟ್‌ನ ತಳದಲ್ಲಿ, ಮುಚ್ಚಿದ ತಗಡಿನ ಹಿಂದೆ ಕೂತಿರುವ ಆ ಪ್ಲಗ್ಗನ್ನು ಯಾರೂ ನೋಡುವುದಿಲ್ಲ. ಪರೀಕ್ಷೆ ಮಾಡಬೇಕಾದದ್ದು ಅದನ್ನೇ. ಬಿಚ್ಚಿ, ಟಾರ್ಚ್ ಹಿಡಿದು ಪಿನ್‌ಗಳ ಬಾಯಿ ನೋಡಿ. ಒಂದೆರಡು ಪಿನ್ನಿನ ಸುತ್ತ ಕಂದು ಬಣ್ಣ, ಚೌಕದ ಅಂಚು ದುಂಡಗಾಗಿರುವುದು, ಬಿಚ್ಚುವಾಗ ಪ್ಲಾಸ್ಟಿಕ್ ಅಂಟಿಕೊಂಡಂತೆ ಬರುವುದು, ಇವುಗಳಲ್ಲಿ ಒಂದು ಕಂಡರೂ ಆ ಕೇಬಲ್ ಮತ್ತೆ ಬೇಡ. ಎಸ್‌ಎಂಪಿಎಸ್‌ನ ಸಾಕೆಟ್‌ನಲ್ಲೂ ಅದೇ ಗುರುತು ಇದ್ದರೆ ಎಸ್‌ಎಂಪಿಎಸ್ಸನ್ನೂ ಬದಲಿಸಬೇಕು, ಏಕೆಂದರೆ ಹದ ಕಳೆದುಕೊಂಡ ಪಿನ್ ಹೊಸ ಕೇಬಲ್ಲನ್ನೂ ಸುಡುತ್ತದೆ. ವೈರ್‌ನ ಹೊದಿಕೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಗೇಜ್ ಮತ್ತು ತಾಪದ ಮಿತಿ ಅಚ್ಚಾಗಿರುತ್ತದೆ. 16 ಅಥವಾ 18 ಇದ್ದರೆ ಸರಿ, 20 ಎಂದಿದ್ದರೆ ಎರಡು ತಲೆಯ ಕೆಲಸಕ್ಕೆ ಅದು ಸಾಲದು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ವೈರ್ ತೆಳು.

ಹಾಗಾದರೆ ಆಫ್ ಆಗುವುದೇಕೆ?

"ಆಫ್ ಆಗುತ್ತದೆ" ಎಂದಿದ್ದೀರಿ. ಹೇಗೆ ಆಫ್ ಆಗುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇದೆ. ಫ್ಯಾನ್, ಲೈಟು ಎಲ್ಲ ಒಮ್ಮೆಲೇ ನಿಂತು, ಮುಂದಿನ ಬಟನ್ ಒತ್ತಿದರೂ ಏಳದೆ, ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ಚನ್ನು ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಮಾತ್ರ ಏಳುತ್ತದೆಯೇ? ಹಾಗಿದ್ದರೆ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಟ್ರಿಪ್ ಆಗಿದೆ. ಸ್ಕ್ರೀನ್ ಕಪ್ಪಾದರೂ ಫ್ಯಾನ್‌ಗಳು ತಿರುಗುತ್ತಲೇ ಇದ್ದರೆ, ಕಾರ್ಡ್‌ನ ಫ್ಯಾನ್ ಜೋರಾಗಿ ಕೂಗಲು ಶುರುಮಾಡಿದರೆ, ಎಸ್‌ಎಂಪಿಎಸ್ ಬದುಕಿದೆ ಎಂದರ್ಥ. ಆಗ ಅನುಮಾನ ಕಾರ್ಡ್, ಡ್ರೈವರ್ ಅಥವಾ ಸರಿಯಾಗಿ ಕೂರದ ಪ್ಲಗ್ ಮೇಲೆ. ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ ಎರಡೂ ಕಡೆ ನೋಡಬೇಕು, ರ್‍ಯಾಮ್ ಮತ್ತು ಪ್ರೊಸೆಸರ್‌ನ ಓವರ್‌ಕ್ಲಾಕ್ ಸೆಟ್ಟಿಂಗ್‌ಗಳನ್ನೂ ಸೇರಿಸಿ.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್-ಪವರ್ 41" ಎಂಬ ಸಾಲು ಕಂಡು ಎಸ್‌ಎಂಪಿಎಸ್ ಹೋಗಿದೆ ಎಂದು ತೀರ್ಮಾನಿಸುವವರಿದ್ದಾರೆ. ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಆ ಸಾಲಿನ ಅರ್ಥ. ಕಾರಣ ಏನು ಎಂದು ಅದು ಹೇಳುವುದಿಲ್ಲ. ಬಟನ್ನನ್ನು ಒತ್ತಿ ಹಿಡಿದು ನೀವೇ ಆಫ್ ಮಾಡಿದರೂ ಅದೇ ಸಾಲು ಬರುತ್ತದೆ.

ಟ್ರಿಪ್ ಆಗುತ್ತಿದ್ದರೆ ಕಾರಣ ಹೆಚ್ಚಾಗಿ ಸರಾಸರಿ 263 ವ್ಯಾಟ್ ಅಲ್ಲ, ಕ್ಷಣಮಾತ್ರದ ಏರಿಕೆಗಳು. ಗ್ರಾಫಿಕ್ಸ್ ಕಾರ್ಡ್ ಒಂದೇ ಸಮನೆ ಎಳೆಯುವ ವಸ್ತುವಲ್ಲ. ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಸರಾಸರಿಗಿಂತ ಬಹಳ ಮೇಲೆ ಹಾರಿ ಮತ್ತೆ ಇಳಿಯುತ್ತದೆ. ಸಾಫ್ಟ್‌ವೇರ್ ತೋರಿಸುವ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ, ಎಸ್‌ಎಂಪಿಎಸ್‌ಗೆ ಮಾತ್ರ ಗೊತ್ತಾಗುತ್ತದೆ. ಎಸ್‌ಎಂಪಿಎಸ್‌ಗಳಿಗೆಂದು 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದಕ್ಕೆಂದೇ ಹೊಸ ಷರತ್ತು ಹಾಕಿತು: ದೊಡ್ಡ ಕಾರ್ಡ್‌ಗಳಿಗೆಂದು ಮಾಡಿದ ಎಸ್‌ಎಂಪಿಎಸ್ ತನ್ನ ರೇಟಿಂಗ್‌ನ ಎರಡು ಪಟ್ಟು ಲೋಡನ್ನು 100 ಮೈಕ್ರೋಸೆಕೆಂಡ್ ತಾಳಿಕೊಳ್ಳಬೇಕು. ಅದಕ್ಕೂ ಹಿಂದಿನ ವಿನ್ಯಾಸಗಳಲ್ಲಿ ಕೆಲವು ಇಂಥ ಏರಿಕೆಯನ್ನು ಶಾರ್ಟ್ ಎಂದು ತಪ್ಪು ತಿಳಿದು ಕೈ ಎತ್ತಿಬಿಡುತ್ತವೆ.

ಇಲ್ಲಿ ಕೇಬಲ್‌ನ ಪಾತ್ರ ಇಲ್ಲವೆನ್ನಲಾಗದು. ನಿಮ್ಮ ಎಸ್‌ಎಂಪಿಎಸ್ 12 ವೋಲ್ಟನ್ನು ಹಲವು ರೇಲ್‌ಗಳಾಗಿ, ಅಂದರೆ ಬೇರೆ ಬೇರೆ ದಾರಿಗಳಾಗಿ, ಹಂಚುವ ಬಗೆಯದಾದರೆ, ಪ್ರತಿ ರೇಲ್‌ಗೂ ಅದರದೇ ಆಂಪಿಯರ್ ಮಿತಿ ಇರುತ್ತದೆ. ಎರಡು ತಲೆಯ ಕೇಬಲ್ ಇಡೀ ಕಾರ್ಡ್‌ನ ಹೊರೆಯನ್ನು ಒಂದೇ ರೇಲ್ ಮೇಲೆ ಹೇರುತ್ತದೆ. ಲೇಬಲ್ ಮೇಲೆ 12ವಿ1, 12ವಿ2 ಎಂದು ಬೇರೆ ಬೇರೆ ಕಾಲಂ ಇದ್ದರೆ ಎರಡನೇ ಕೇಬಲ್ ಹಾಕಿದ ಮಾತ್ರಕ್ಕೇ ನಿಮ್ಮ ತೊಂದರೆ ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ವೋಲ್ಟೇಜ್ ಕುಸಿತದ ಲೆಕ್ಕವೂ ಇದೆ. 60 ಸೆಂಟಿಮೀಟರ್ ಉದ್ದದ 18 ಗೇಜ್ ವೈರ್‌ನಲ್ಲಿ 7.3 ಆಂಪಿಯರ್ ಹರಿದರೆ ಹೋಗುವಾಗ 0.09 ವೋಲ್ಟ್, ಬರುವಾಗ ಹೆಚ್ಚುಕಡಿಮೆ ಅಷ್ಟೇ ಕಳೆದುಹೋಗುತ್ತದೆ. ಅಷ್ಟಕ್ಕೇ ಕಾರ್ಡ್ ಆಫ್ ಆಗುವುದಿಲ್ಲ. ಎಸ್‌ಎಂಪಿಎಸ್ ತಾನೇ 11.5ಕ್ಕೆ ಇಳಿದಿದ್ದರೆ ಮಾತ್ರ ಅದು ಕೊನೆಯ ಹುಲ್ಲುಕಡ್ಡಿಯಾಗಬಹುದು.

ಹಳೆಯ ಕೇಬಲ್: ಯಾಕೆ ಇಷ್ಟು ಹೆದರಬೇಕು

ಕಾರ್ಡ್ ಕಡೆಯ ಪಿನ್‌ಗಳ ಕ್ರಮಕ್ಕೆ ನಿಯಮವಿದೆ, ಎಲ್ಲ ಕಂಪನಿಗಳೂ ಅದನ್ನು ಪಾಲಿಸುತ್ತವೆ. ಮಾಡ್ಯುಲರ್ ಎಸ್‌ಎಂಪಿಎಸ್ ಕಡೆಯ 8 ಪಿನ್ ಸಾಕೆಟ್‌ಗೆ ಅಂಥ ನಿಯಮವಿಲ್ಲ. ಯಾವ ತೂತಿನಲ್ಲಿ 12 ವೋಲ್ಟ್, ಯಾವುದರಲ್ಲಿ ಗ್ರೌಂಡ್ ಎಂಬುದು ಕಂಪನಿ ಕಂಪನಿಗೂ ಬೇರೆ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಪ್ಲಾಸ್ಟಿಕ್ ಅಚ್ಚು ಮಾತ್ರ ಎಲ್ಲ ಕಡೆ ಒಂದೇ ಥರದ್ದು, ಅದಕ್ಕೇ ಪ್ಲಗ್ ಸಲೀಸಾಗಿ ಕೂರುತ್ತದೆ, ಕ್ಲಿಪ್ ಕೂಡ ಟಕ್ ಎನ್ನುತ್ತದೆ.

ಕ್ರಮ ಬೇರೆಯಾಗಿದ್ದರೆ 12 ವೋಲ್ಟ್ ನೇರವಾಗಿ ಗ್ರೌಂಡ್‌ಗೆ ತಾಗುತ್ತದೆ. ಅದೃಷ್ಟವಿದ್ದರೆ ಎಸ್‌ಎಂಪಿಎಸ್ ಆನ್ ಆಗುವುದೇ ಇಲ್ಲ. ಇಲ್ಲದಿದ್ದರೆ ಕಾರ್ಡ್‌ನ ಪವರ್ ಭಾಗಕ್ಕೆ ತಲೆಕೆಳಗಾಗಿ ಕರೆಂಟ್ ನುಗ್ಗಿ ಅಲ್ಲಿನ ಮಾಸ್‌ಫೆಟ್‌ಗಳು (ಕರೆಂಟನ್ನು ನಿಯಂತ್ರಿಸುವ ಬಿಡಿಭಾಗಗಳು) ಸುಡುತ್ತವೆ. ಮೊದಲ ಪರೀಕ್ಷೆಯೇ ಕೊನೆಯ ಪರೀಕ್ಷೆಯಾಗಬಹುದಾದ ಕಡೆ "ಹಾಕಿ ನೋಡೋಣ" ಎಂಬ ಮಾತು ನಡೆಯುವುದಿಲ್ಲ. ಎರಡನೇ ಕೇಬಲ್ ಬೇಕಿದ್ದರೆ ನಿಮ್ಮ ಎಸ್‌ಎಂಪಿಎಸ್‌ನ ಪೆಟ್ಟಿಗೆಯಲ್ಲೇ ಮೊದಲು ಹುಡುಕಿ. 650 ವ್ಯಾಟ್‌ನ ಮಾಡ್ಯುಲರ್ ಜೊತೆ ಸಾಮಾನ್ಯವಾಗಿ ಎರಡು ಪಿಸಿಐಇ ಕೇಬಲ್ (ಗ್ರಾಫಿಕ್ಸ್ ಕಾರ್ಡ್‌ನ ಕೇಬಲ್) ಬಂದಿರುತ್ತವೆ, ಬಳಸದ್ದು ಚೀಲದಲ್ಲೇ ಉಳಿದಿರುತ್ತದೆ. ಇಲ್ಲದಿದ್ದರೆ ಮಾದರಿಯ ಪೂರ್ತಿ ಹೆಸರು ಹೇಳಿ ಅದೇ ಕಂಪನಿಯ ಕೇಬಲ್ ತರಿಸಿ. ಬೇರೆಯವರು ಮಾಡಿದ ಬಣ್ಣದ ಕೇಬಲ್ ಆದರೆ ಹೊಂದುವ ಮಾದರಿಗಳ ಪಟ್ಟಿಯಲ್ಲಿ ನಿಮ್ಮದರ ಹೆಸರು ಅಕ್ಷರಶಃ ಇರಬೇಕು.

ಇದೇ ಸಾಲಿಗೆ ಸೇರುವ ಇನ್ನೊಂದು ಗೊಂದಲ ಪ್ರೊಸೆಸರ್‌ನ ಕೇಬಲ್. ಅದೂ 8 ಪಿನ್ನಿನದೇ, ಆದರೆ ಅದರಲ್ಲಿ ನಾಲ್ಕು 12 ವೋಲ್ಟ್, ನಾಲ್ಕು ಗ್ರೌಂಡ್, ಮತ್ತು ಪಿಸಿಐಇಗೆ ಹೋಲಿಸಿದರೆ ಬದಿ ಅದಲುಬದಲು. ಪಿನ್‌ಗಳ ಚೌಕ ಮತ್ತು ಅರೆದುಂಡಗಿನ ಆಕಾರಗಳು ಬೇರೆ ಇರುವುದರಿಂದ ಸುಲಭಕ್ಕೆ ಹೋಗುವುದಿಲ್ಲ, ಆದರೆ ಬಲ ಹಾಕಿ ತುರುಕಿದವರಿದ್ದಾರೆ. ಗುರುತು ಸರಳ: ಅರ್ಧಕ್ಕೆ ಸರಿಯಾಗಿ 4+4 ಎಂದು ಬಿಡಿಸಿಕೊಳ್ಳುವುದು ಪ್ರೊಸೆಸರ್‌ಗೆ, 6+2 ಎಂದು ಬಿಡಿಸಿಕೊಳ್ಳುವುದು ಗ್ರಾಫಿಕ್ಸ್ ಕಾರ್ಡ್‌ಗೆ.

ಕನ್ವರ್ಟರ್ ವಿಷಯ

ಮೋಲೆಕ್ಸ್ ಪ್ಲಗ್‌ನಲ್ಲಿ 12 ವೋಲ್ಟ್‌ನ ಪಿನ್ ಒಂದೇ. ಎರಡು ಮೋಲೆಕ್ಸ್ ಸೇರಿಸಿ 8 ಪಿನ್ ಮಾಡುವ ಕನ್ವರ್ಟರ್‌ನಲ್ಲಿ 150 ವ್ಯಾಟ್‌ಗೆ ಪಿನ್‌ಗೆ 6 ಆಂಪಿಯರ್ ದಾಟುತ್ತದೆ. ಆ ಎರಡೂ ಮೋಲೆಕ್ಸ್ ಒಂದೇ ಸಾಲಿನಲ್ಲಿ ಪೋಣಿಸಿದವಾದರೆ ಎಸ್‌ಎಂಪಿಎಸ್‌ನಿಂದ ಬರುವ ಒಂದೇ ಹಳದಿ ವೈರ್‌ನಲ್ಲಿ 12.5 ಆಂಪಿಯರ್. ಮೋಲೆಕ್ಸ್ ಪಿನ್‌ಗಳು ನಾಲ್ಕಾರು ಸಲ ತೆಗೆದು ಹಾಕುವಷ್ಟರಲ್ಲಿ ಸಡಿಲವಾಗುತ್ತವೆ ಎಂಬುದನ್ನೂ ಸೇರಿಸಿಕೊಳ್ಳಿ. ಸಾಟಾದಿಂದ (ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗಳಿಗೆ ಹೋಗುವ ಪ್ಲಗ್) ಮಾಡಿದ ಕನ್ವರ್ಟರ್ ಇನ್ನೂ ಕೆಟ್ಟದ್ದು. ಸಾಟಾ ಪ್ಲಗ್‌ನ 12 ವೋಲ್ಟ್ ಮಿತಿ 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರಿಂದ 150 ವ್ಯಾಟ್‌ನ ಪ್ಲಗ್ ಮಾಡಿಕೊಟ್ಟರೆ ಲೆಕ್ಕ ಎಲ್ಲೂ ಕೂಡುವುದಿಲ್ಲ. ಎಸ್‌ಎಂಪಿಎಸ್‌ಗೆ ಪಿಸಿಐಇ ಕೇಬಲ್ಲೇ ಇಲ್ಲ ಎಂದರೆ ಅಂಥ ಕಾರ್ಡ್‌ಗೆಂದು ಅದನ್ನು ಮಾಡಿಲ್ಲ ಎಂದೇ ತಿಳಿಯಿರಿ. ನಿಮ್ಮ ಕನ್ವರ್ಟರ್ ಪೆಟ್ಟಿಗೆಯಲ್ಲೇ ಇರಲಿ.

16 ಪಿನ್ನಿನ ಹೊಸ ಪ್ಲಗ್ ಬಗ್ಗೆ ನೀವು ಕೇಳಿಲ್ಲ, ನಿಮ್ಮ ಕಾರ್ಡ್‌ಗೆ ಅದು ಬೇಕಾಗಿಯೂ ಇಲ್ಲ. ಆದರೂ ಕರಗುವ ಸುದ್ದಿಗಳು ಹೆಚ್ಚಾಗಿ ಅದರಿಂದಲೇ ಬಂದಿರುವುದರಿಂದ ಒಂದು ಮಾತು. 2022ರಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡ್ ಬಂದ ಕೆಲವೇ ವಾರಗಳಲ್ಲಿ ಕರಗಿದ ಪ್ಲಗ್‌ಗಳ ಚಿತ್ರಗಳು ಹರಿದಾಡಿದವು. ಆ ಪ್ಲಗ್ 600 ವ್ಯಾಟ್‌ವರೆಗೆ ಒಯ್ಯುತ್ತದೆ. 12 ವೋಲ್ಟ್‌ನ ಆರು ಪಿನ್‌ಗಳಲ್ಲಿ 50 ಆಂಪಿಯರ್, ಪಿನ್‌ಗೆ 8.3. ಮಿತಿ 9ರ ಚಿಲ್ಲರೆ. 8 ಪಿನ್‌ನಲ್ಲಿ ಇಮ್ಮಡಿ ಅಂತರವಿದ್ದ ಕಡೆ ಇಲ್ಲಿ ಉಳಿದಿರುವುದು ಹತ್ತು ಶೇಕಡಾ ಆಸುಪಾಸು, ಅದಕ್ಕೇ ಪ್ಲಗ್ ಒಂದು ಮಿಲಿಮೀಟರ್ ಹೊರಗಿದ್ದರೂ ಕಷ್ಟ. ನಿಮ್ಮ ಗೆಳೆಯನ ಭಯ ಆ ಪ್ಲಗ್‌ನಿಂದ ಈ ಪ್ಲಗ್‌ಗೆ ಹಬ್ಬಿರಬೇಕು.

650 ವ್ಯಾಟ್ ಸಾಕೇ?

ಕಾರ್ಡ್‌ಗೆ 263, ಪ್ರೊಸೆಸರ್‌ಗೆ 140ರ ಆಸುಪಾಸು, ಮದರ್‌ಬೋರ್ಡ್, ಡ್ರೈವ್, ಫ್ಯಾನ್ ಎಲ್ಲ ಸೇರಿ 60 ಹಿಡಿದರೆ 463 ವ್ಯಾಟ್. ಒಳ್ಳೆಯ 650ಕ್ಕೆ ಇದು ಭಾರವಲ್ಲ. ಆದರೆ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನಂಬಬೇಡಿ, ಲೇಬಲ್‌ನಲ್ಲಿ 12 ವೋಲ್ಟ್ ಕೆಳಗೆ ಬರೆದ ಆಂಪಿಯರ್ ನೋಡಿ. 54 ಎಂದಿದ್ದರೆ 648 ವ್ಯಾಟ್, ಪೂರ್ತಿ ಕೆಲಸಕ್ಕೆ ಬರುತ್ತದೆ. 40 ಎಂದಿದ್ದರೆ 480 ಮಾತ್ರ, ಉಳಿದದ್ದು ಕಾರ್ಡ್ ಹೆಚ್ಚುಕಡಿಮೆ ಮುಟ್ಟದ 5 ಮತ್ತು 3.3 ವೋಲ್ಟ್‌ನಲ್ಲಿದೆ. ಆಗ ಕೇಬಲ್ ಬದಲಿಸಿ ಪ್ರಯೋಜನವಿಲ್ಲ, ಎಸ್‌ಎಂಪಿಎಸ್ಸನ್ನೇ ಬದಲಿಸಬೇಕು.

ಹಾಕುವ ಕ್ರಮ

ಶಟ್‌ಡೌನ್ ಮಾಡಿ, ಹಿಂದಿನ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಮುಂದಿನ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಎಸ್‌ಎಂಪಿಎಸ್ ಕಡೆ "ಪಿಸಿಐಇ" ಅಥವಾ "ವಿಜಿಎ" ಎಂದು ಬರೆದಿರುವ ಸಾಕೆಟ್‌ಗೆ ಎರಡನೇ ಕೇಬಲ್ ಹಾಕಿ.

ಕಾರ್ಡ್ ಕಡೆಯ 6+2ರಲ್ಲಿ ಸಾಮಾನ್ಯವಾಗಿ ತಪ್ಪಾಗುವುದು ಆ ಎರಡು ಪಿನ್ನಿನ ತುಂಡಿನಿಂದ. ಅದರ ಪಕ್ಕದಲ್ಲಿ ಸಣ್ಣ ಏಣು ಇರುತ್ತದೆ, ಅದನ್ನು ಆರು ಪಿನ್ನಿನ ತುಂಡಿಗೆ ಮೊದಲು ಜಾರಿಸಿ ಕೂಡಿಸಿಕೊಳ್ಳಬೇಕು. ಬೆರಳಿನಿಂದ ಎರಡನ್ನೂ ಒಟ್ಟಿಗೆ ಹಿಡಿದು, ಮುಖ ಸಮವಾಗಿದೆಯೇ ನೋಡಿ, ಒಂದೇ ಪ್ಲಗ್ ಎಂಬಂತೆ ಒತ್ತಿ. ಆರು ಒಳಗೆ ಹೋಗಿ ಎರಡು ಅರ್ಧಕ್ಕೆ ನಿಂತರೆ ಕಾರ್ಡ್ ಸಾಮಾನ್ಯವಾಗಿ ಶುರುವಾಗುವುದಿಲ್ಲ. ಕ್ಲಿಪ್ ಸಾಕೆಟ್‌ನ ಹಲ್ಲನ್ನು ಹಿಡಿದ ಮೇಲೆ ಮೆಲ್ಲಗೆ ಹಿಂದಕ್ಕೆ ಎಳೆದು ನೋಡಿ, ಅಲ್ಲಾಡಬಾರದು. ಮೊದಲೇ ಹಾಕಿದ್ದ ಎರಡು ತಲೆಯ ಕೇಬಲ್‌ನ ಎರಡನೇ ತಲೆ ಈಗ ಖಾಲಿ ತೂಗುತ್ತದೆ, ಅದು ಕಾರ್ಡ್‌ನ ಫ್ಯಾನ್‌ಗೆ ಸಿಕ್ಕದಂತೆ ಕಟ್ಟಿಡಿ.

ಆಮೇಲೆ ತೊಂದರೆ ಕೊಡುತ್ತಿದ್ದ ಗೇಮನ್ನೇ ಅರ್ಧ ಗಂಟೆ ಓಡಿಸಿ, ಪಕ್ಕದ ಬಾಗಿಲು ತೆಗೆದಿಟ್ಟು ಎರಡೂ ಕಡೆಯ ಪ್ಲಗ್‌ಗಳನ್ನು ಹೊರಗಿನಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ. ಬೆರಳಿಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ನಿಲ್ಲಿಸಿ. ಆದರೂ ಆಫ್ ಆದರೆ ಒಂದು ಸಣ್ಣ ಪರೀಕ್ಷೆ ಇದೆ: ಕಾರ್ಡ್‌ನ ಡ್ರೈವರ್‌ನಲ್ಲಿ ಫ್ರೇಮ್ ರೇಟ್ ಅನ್ನು 60ಕ್ಕೆ ಕಟ್ಟಿಹಾಕಿ, ಪವರ್ ಲಿಮಿಟ್ಟನ್ನು ಬಿಟ್ಟಷ್ಟು ಕೆಳಗಿಳಿಸಿ ಒಂದು ವಾರ ಆಡಿ. ನಿಮ್ಮಲ್ಲಿ ಎರಡು ಮೂರು ದಿನಕ್ಕೊಮ್ಮೆ ಆಗುತ್ತಿರುವುದರಿಂದ ಒಂದೇ ಸಂಜೆಯಲ್ಲಿ ತೀರ್ಮಾನಿಸಬೇಡಿ. ನಿಂತುಹೋದರೆ ತೊಂದರೆ ಲೋಡ್‌ನದು, ಎಸ್‌ಎಂಪಿಎಸ್ ಬದಲಿಸುವುದರಲ್ಲಿ ಅರ್ಥವಿದೆ. ಹಾಗೆಯೇ ಮುಂದುವರಿದರೆ ಡ್ರೈವರ್ ಪೂರ್ತಿ ತೆಗೆದು ಹೊಸದಾಗಿ ಹಾಕಿ, ರ್‍ಯಾಮ್ ಪರೀಕ್ಷಿಸಿ, ಸಾಧ್ಯವಾದರೆ ಕಾರ್ಡನ್ನು ಬೇರೆ ಕಂಪ್ಯೂಟರ್‌ನಲ್ಲಿ ನೋಡಿ.

ಎಸ್‌ಎಂಪಿಎಸ್ ಬದಲಿಸುವ ದಿನ ಬಂದರೆ ಹಳೆಯದರ ಕೇಬಲ್‌ಗಳನ್ನು ಒಂದೂ ಬಿಡದೆ ಹೊರತೆಗೆಯಿರಿ. ಅಚ್ಚುಕಟ್ಟಾಗಿ ಕಟ್ಟಿದ್ದನ್ನು ಬಿಚ್ಚುವುದೇಕೆ, ಪೆಟ್ಟಿಗೆ ಮಾತ್ರ ಬದಲಿಸೋಣ ಎಂದು ಅನ್ನಿಸುತ್ತದೆ, ಅದರಲ್ಲೂ ಹಿಂಬದಿಯಲ್ಲಿ ಅಡಗಿರುವ ಸಾಟಾ ಕೇಬಲ್ ಬಗ್ಗೆ. ಅಲ್ಲಿ ಕ್ರಮ ತಪ್ಪಿದರೆ 5 ವೋಲ್ಟ್‌ನ ದಾರಿಗೆ 12 ವೋಲ್ಟ್ ಹೋಗಿ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಎಲ್ಲ ಒಟ್ಟಿಗೆ ಸಾಯುತ್ತವೆ. ಕಾರ್ಡ್ ಹೋದರೆ ಇನ್ನೊಂದು ತರಬಹುದು, ಡಿಸ್ಕ್‌ನಲ್ಲಿದ್ದ ಫೋಟೋ, ಕಡತಗಳನ್ನು ತರಲಾಗುವುದಿಲ್ಲ.